ಗೆರೆ ಎಳೆದವರು ಎರಡು ಮಾತು ಬರೆದಿಡಿ

ಇವತ್ತು ನಕ್ಷೆಯ ವಿಷಯ ಮಾತಾಡಲು ಬಂದಿದ್ದೇನೆ. ನಕ್ಷೆ ನೋಡುವುದು ಈಗ ಯಾರಿಗೂ ಹೊಸದಲ್ಲ. ಮದುವೆ ಛತ್ರ ಎಲ್ಲಿದೆ, ಆಸ್ಪತ್ರೆಗೆ ಯಾವ ದಾರಿ ಹತ್ತಿರ ಅಂತ ಫೋನಿನಲ್ಲಿ ನೋಡಿಕೊಂಡೇ ಮನೆ ಬಿಡುವ ಕಾಲ ಇದು. ಆದರೆ ಅದೇ ನಕ್ಷೆಯ ಮೇಲೆ ನಾವೂ ಬರೆಯಬಹುದು, ಚುಕ್ಕಿ ಇಡಬಹುದು, ಗೆರೆ ಎಳೆಯಬಹುದು, ಒಂದು ಜಾಗಕ್ಕೆ ಸುತ್ತು ಹಾಕಿ ಅದರ ಹೆಸರು, ಅದರ ವಿವರ ಸೇರಿಸಬಹುದು ಎಂಬುದು ಬಹಳ ಜನಕ್ಕೆ ತಿಳಿದಿಲ್ಲ. ತಿಳಿದವರಲ್ಲೂ ಹೆಚ್ಚಿನವರು ಗೆರೆ ಎಳೆದು ಸುಮ್ಮನಾಗುತ್ತಾರೆ. ಅದರ ಜೊತೆಗೆ ಬರೆಯಬೇಕಾದ ಎರಡು ಮಾತು ಬರೆಯುವುದಿಲ್ಲ. ನಾನು ಹೇಳಬೇಕೆಂದಿರುವುದೆಲ್ಲ ಹಾಗೆ ಬರೆಯದೆ ಬಿಟ್ಟ ಮಾತಿನ ಬಗ್ಗೆ.

ಮೊದಲು ಸಲಕರಣೆಗಳ ಪರಿಚಯ, ಬೇಗ ಮುಗಿಸುತ್ತೇನೆ. ಅಮೆರಿಕದ ಕೀಹೋಲ್ ಎಂಬ ಕಂಪನಿ ಉಪಗ್ರಹದ ಚಿತ್ರಗಳನ್ನು ಜೋಡಿಸಿ ಇಡೀ ಭೂಗೋಳವನ್ನು ಪರದೆಯ ಮೇಲೆ ತಿರುಗಿಸಿ ನೋಡುವ ತಂತ್ರಾಂಶ ಮಾಡಿತ್ತು. 2004ರಲ್ಲಿ ಗೂಗಲ್ ಆ ಕಂಪನಿಯನ್ನು ಕೊಂಡುಕೊಂಡಿತು. ಮರುವರ್ಷ ಅದೇ ತಂತ್ರಾಂಶ ಗೂಗಲ್ ಅರ್ಥ್ ಎಂಬ ಹೆಸರಿನಲ್ಲಿ ಎಲ್ಲರ ಕೈಗೆ ಬಂತು. ಅದರಲ್ಲಿ ನಾವು ಬರೆದದ್ದು ಕೆಎಂಎಲ್ ಎಂಬ ಕಡತವಾಗಿ ಉಳಿಯುತ್ತದೆ. 2008ರಲ್ಲಿ ಅದಕ್ಕೆ ಅಂತರರಾಷ್ಟ್ರೀಯ ಮಾನಕದ ಸ್ಥಾನ ಸಿಕ್ಕಿದ್ದರಿಂದ ಬೇರೆ ತಂತ್ರಾಂಶಗಳೂ ಆ ಕಡತವನ್ನು ಓದುತ್ತವೆ. ಕ್ಯೂಜಿಐಎಸ್ ಎಂಬುದು ಇನ್ನೊಂದು. 2002ರಲ್ಲಿ ಗ್ಯಾರಿ ಶರ್ಮನ್ ಅದನ್ನು ಆರಂಭಿಸಿದರು. ಇವತ್ತು ಜಗತ್ತಿನ ಎಷ್ಟೋ ಜನ ಸೇರಿ ಅದನ್ನು ಬೆಳೆಸುತ್ತಿದ್ದಾರೆ, ಬಳಸುವುದಕ್ಕೆ ಒಂದು ಪೈಸೆ ಕೊಡಬೇಕಾಗಿಲ್ಲ. ನಮ್ಮ ಇಸ್ರೋದ ಭುವನ್ 2009ರಲ್ಲಿ ಬಂತು. ಇನ್ನು ಓಪನ್‌ಸ್ಟ್ರೀಟ್‌ಮ್ಯಾಪ್ ಎಂಬುದು ಜನರೇ ಬರೆಯುವ ನಕ್ಷೆ. 2004ರಲ್ಲಿ ಇಂಗ್ಲೆಂಡಿನ ಸ್ಟೀವ್ ಕೋಸ್ಟ್ ಅದನ್ನು ಆರಂಭಿಸಿದರು. ಅಲ್ಲಿ ನಿಮ್ಮೂರಿನ ಓಣಿಯನ್ನು ನೀವು ಎಳೆದರೆ ಅದು ಲೋಕಕ್ಕೆಲ್ಲ ಕಾಣುತ್ತದೆ.

ತಂತ್ರಾಂಶ ಯಾವುದೇ ಇರಲಿ, ಬರೆಯುವ ಬಗೆ ಮೂರೇ. ಒಂದು ಚುಕ್ಕಿ, ಒಂದು ಗೆರೆ, ಇಲ್ಲವೆ ಸುತ್ತು ಹಾಕಿ ಮುಚ್ಚಿದ ಒಂದು ಆವರಣ. ಬಣ್ಣ, ದಪ್ಪ, ಬಾಣದ ಗುರುತು ಎಲ್ಲ ಆಮೇಲಿನ ಅಲಂಕಾರ. ಪ್ರತಿಯೊಂದಕ್ಕೂ ಹೆಸರು ಬರೆಯಲು ಒಂದು ಮನೆ, ವಿವರ ಬರೆಯಲು ಇನ್ನೊಂದು ಮನೆ ಇರುತ್ತದೆ. ಆ ಎರಡನೇ ಮನೆ ಸಾಮಾನ್ಯವಾಗಿ ಖಾಲಿಯೇ ಉಳಿಯುತ್ತದೆ.

ಖಾಲಿ ಉಳಿದರೆ ಏನು ನಷ್ಟ ಎಂದು ತಿಳಿಯಲು ಒಂದು ಕೆರೆಯನ್ನು ತೆಗೆದುಕೊಳ್ಳೋಣ. ಕೋಲಾರ, ತುಮಕೂರು, ಚಿತ್ರದುರ್ಗ, ಯಾವ ಸೀಮೆಯದಾದರೂ ಸರಿ, ಬಯಲುಸೀಮೆಯ ಒಂದು ಸಾಧಾರಣ ಕೆರೆ. ತೂಬು ಇರುವಲ್ಲಿ ಚುಕ್ಕಿ ಇಡುತ್ತೀರಿ. ಕೋಡಿ ಇರುವಲ್ಲಿ ಇನ್ನೊಂದು ಚುಕ್ಕಿ. ಏರಿಯ ಉದ್ದಕ್ಕೂ ಒಂದು ಗೆರೆ, ನೀರು ತರುವ ಕಾಲುವೆಗಳಿಗೆ ಬೇರೆ ಗೆರೆಗಳು. ಏರಿಯ ಕೆಳಗಿನ ಅಚ್ಚುಕಟ್ಟಿಗೆ ಒಂದು ಆವರಣ. ಇಷ್ಟು ಸುಲಭ. ಇನ್ನು ಕೆರೆಯ ಅಂಗಳಕ್ಕೆ ಸುತ್ತು ಹಾಕಬೇಕು. ಎಲ್ಲಿಂದ ಎಲ್ಲಿಗೆ?

ಪರದೆಯ ಮೇಲಿನ ಉಪಗ್ರಹ ಚಿತ್ರ ನವೆಂಬರಿನದಾಗಿದ್ದರೆ ನೀರು ಒಂದು ಅಂಚಿಗೆ ನಿಂತಿರುತ್ತದೆ. ಏಪ್ರಿಲಿನದಾಗಿದ್ದರೆ ನೀರು ತೂಬಿನ ಮುಂದಿನ ಗುಂಡಿಗೆ ಇಳಿದಿರುತ್ತದೆ, ಅಂಗಳದ ತುಂಬ ಜಾಲಿ ಬೆಳೆದಿರುತ್ತದೆ. ಅಂತರಗಂಗೆ ಹಬ್ಬಿದ ಕೆರೆಯಾದರೆ ಮೇಲಿನಿಂದ ನೋಡುವವರಿಗೆ ಅದು ಹಸಿರು ಗದ್ದೆಯ ಹಾಗೆ ಕಾಣುತ್ತದೆ. ಗೂಗಲ್ ಅರ್ಥ್‌ನಲ್ಲಿ ಹಳೆಯ ವರ್ಷಗಳ ಚಿತ್ರ ತೋರಿಸುವ ಗುಂಡಿಯೊಂದಿದೆ. ಅದನ್ನು ಒತ್ತಿ ಹಿಂದೆ ಮುಂದೆ ಸರಿಸಿದರೆ ಒಂದೇ ಕೆರೆಗೆ ಎಷ್ಟೋ ಅಂಚುಗಳು ಕಾಣುತ್ತವೆ. ಅವುಗಳಲ್ಲಿ ಯಾವುದೂ ಸುಳ್ಳಲ್ಲ. ಆದರೆ ಕೆರೆಯ ನಿಜವಾದ ಎಲ್ಲೆ ಯಾವುದೆಂದು ಊರಿನ ನೀರಗಂಟಿಯನ್ನು ಕೇಳಿ. ಕೋಡಿ ಬಿದ್ದ ದಿನ ನೀರು ಎಲ್ಲಿಯವರೆಗೆ ನಿಲ್ಲುತ್ತದೋ ಅದೇ ಎಲ್ಲೆ ಎನ್ನುತ್ತಾರೆ. ಆ ಗೆರೆ ಬಹಳ ವರ್ಷ ಯಾವ ಚಿತ್ರದಲ್ಲೂ ಕಾಣದಿರಬಹುದು, ಏಕೆಂದರೆ ಕೆರೆ ತುಂಬಿದ ದಿನ ಮೋಡವಿರುತ್ತದೆ, ಮೋಡವಿಲ್ಲದ ದಿನ ಕೆರೆ ತುಂಬಿರುವುದಿಲ್ಲ.

ಆದ್ದರಿಂದ ಒಂದೇ ಆವರಣ ಹಾಕಿ 'ಕೆರೆ' ಎಂದು ಹೆಸರಿಟ್ಟರೆ ಸಾಲದು. ಮೂರು ಆವರಣ ಹಾಕಿ. ಒಂದು, ಬೇಸಿಗೆಯ ಚಿತ್ರದಲ್ಲಿ ಕಂಡ ನೀರು. ಇನ್ನೊಂದು, ಮಳೆಗಾಲ ಕಳೆದ ಮೇಲಿನ ಚಿತ್ರದಲ್ಲಿ ಕಂಡ ನೀರು. ಮತ್ತೊಂದು, ಊರಿನ ಹಿರಿಯರು ಕಾಲಿನಿಂದ ನಡೆದು ತೋರಿಸಿದ ಕೋಡಿಮಟ್ಟದ ಅಂಚು. ಪ್ರತಿಯೊಂದರ ವಿವರದ ಮನೆಯಲ್ಲಿ ಚಿತ್ರದ ದಿನಾಂಕ, ಯಾರು ತೋರಿಸಿದರು, ಯಾವ ತಿಂಗಳು ನಡೆದದ್ದು ಎಂದು ಬರೆಯಿರಿ. ಹತ್ತು ವರ್ಷದ ಮೇಲೆ ಒತ್ತುವರಿಯ ಪ್ರಶ್ನೆ ಬಂದಾಗ ಬೇಸಿಗೆಯ ಗೆರೆಯನ್ನೇ ಕೆರೆಯ ಎಲ್ಲೆ ಎಂದು ವಾದಿಸುವವರು ಬಂದೇ ಬರುತ್ತಾರೆ. ವಿವರ ಬರೆಯದ ಗೆರೆ ಅವರಿಗೆ ಸಾಕ್ಷಿಯಾಗಿಬಿಡುತ್ತದೆ. ಕೆರೆಯನ್ನು ಉಳಿಸಲೆಂದು ಎಳೆದ ಗೆರೆಯೇ ಕೆರೆಯ ಅಂಗಳವನ್ನು ಬಿಟ್ಟುಕೊಟ್ಟಂತಾಗುತ್ತದೆ.

ನನ್ನ ಚಿಂತೆಯ ಮೂಲ ಇಲ್ಲಿದೆ. ಕಾಗದದ ಮೇಲೆ ಪೆನ್ಸಿಲಿನಲ್ಲಿ ಬರೆಯುವಾಗ ಅನುಮಾನ ಬಂದ ಕಡೆ ಕೈ ತಾನಾಗಿ ಹಗುರವಾಗುತ್ತಿತ್ತು, ಗೆರೆ ಮಸುಕಾಗುತ್ತಿತ್ತು. ಕಂಪ್ಯೂಟರಿನ ಗೆರೆಗೆ ಆ ಗುಣವಿಲ್ಲ. ಅಳೆದು ನೋಡಿ ಎಳೆದದ್ದೂ ಊಹೆಯ ಮೇಲೆ ಎಳೆದದ್ದೂ ಒಂದೇ ದಪ್ಪ, ಒಂದೇ ಹೊಳಪು. ಎಷ್ಟು ಹಿಗ್ಗಿಸಿ ನೋಡಿದರೂ ಅಂಚು ಚೂಪಾಗಿಯೇ ಇರುತ್ತದೆ. ನೋಡುವವರು ಅದನ್ನು ನಂಬಿಬಿಡುತ್ತಾರೆ.

ಹಿಂದಿನ ನಕ್ಷೆಗಾರರು ಈ ಅನುಮಾನವನ್ನು ತೋರಿಸುವ ಉಪಾಯಗಳನ್ನು ಕಂಡುಕೊಂಡಿದ್ದರು. ಭಾರತೀಯ ಸರ್ವೇಕ್ಷಣಾ ಇಲಾಖೆಯ ಸ್ಥಳಾಕೃತಿ ನಕ್ಷೆಯನ್ನು ಶಾಲೆಯಲ್ಲಿ ನೋಡಿದವರಿಗೆ ನೆನಪಿರಬಹುದು. ವರ್ಷವಿಡೀ ನೀರಿರುವ ಹೊಳೆ ನೀಲಿ, ಬತ್ತುವ ಹಳ್ಳ ಕಪ್ಪು. ನೀರು ನಿಲ್ಲುವ ಕೆರೆಗೆ ನೀಲಿ ತುಂಬಿರುತ್ತಾರೆ, ಬತ್ತುವ ಕೆರೆಗೆ ಬರಿಯ ಕಪ್ಪು ಅಂಚು. ಕೆರೆಯ ಏರಿಯ ಪಕ್ಕದಲ್ಲಿ ಒಂದು ಅಂಕಿ, ಅದರ ಮುಂದೆ ಸಣ್ಣ 'ಆರ್' ಅಕ್ಷರ ಕಂಡರೆ ಸುತ್ತಲಿನ ನೆಲಕ್ಕಿಂತ ಏರಿ ಅಷ್ಟು ಮೀಟರ್ ಎತ್ತರ ಎಂದು ಅರ್ಥ. ಅಂಗೈಯಗಲದ ಜಾಗದಲ್ಲಿ ಎಷ್ಟು ಮಾತು! ನಮ್ಮ ಗ್ರಾಮನಕ್ಷೆಗಳಲ್ಲೂ ಬಂಡಿದಾರಿ, ಕಾಲುದಾರಿ, ಹಳ್ಳ, ಬಾಂದುಕಲ್ಲು ಪ್ರತಿಯೊಂದಕ್ಕೂ ಬೇರೆ ಗುರುತಿದೆ. ಅದಕ್ಕೂ ಹಿಂದೆ, 1799ರಲ್ಲಿ ಟಿಪ್ಪು ಸುಲ್ತಾನನ ಪತನವಾದ ಮೇಲೆ ಕಾಲಿನ್ ಮೆಕೆಂಜಿ ಮೈಸೂರು ಸೀಮೆಯ ಮೋಜಣಿ ಮಾಡಿದಾಗ ಬರಿಯ ನಕ್ಷೆ ಬರೆಸಿ ಮುಗಿಸಲಿಲ್ಲ. ನಕ್ಷೆಯ ಜೊತೆಗೆ ಆಯಾ ಸೀಮೆಯ ಊರು, ಕೆರೆ, ಜನ, ಬೆಳೆಗಳ ವಿವರವನ್ನೂ ಬರೆಸಿದ. ಕಾವಲಿ ವೆಂಕಟ ಬೋರಯ್ಯನಂಥ ವಿದ್ವಾಂಸರು ಆತನ ಜೊತೆ ದುಡಿದು ಊರೂರಿನ ಹಳೆಯ ಸಂಗತಿಗಳನ್ನು ಕೂಡಿಹಾಕಿದರು. ನಕ್ಷೆಗಳು ಹಳತಾದವು, ಆ ವಿವರಗಳನ್ನು ಇತಿಹಾಸ ಬರೆಯುವವರು ಇನ್ನೂ ತೆರೆದು ಓದುತ್ತಿದ್ದಾರೆ.

ಈಗಿನ ತಂತ್ರಾಂಶದಲ್ಲಿ ಅದೇ ಕೆಲಸ ಹೇಗೆ ಮಾಡುವುದು? ಖಚಿತವಾಗಿ ಕಂಡದ್ದಕ್ಕೆ ತುಂಡಿಲ್ಲದ ಗೆರೆ, ಹೇಳಿಕೆಯ ಮೇಲೆ ಎಳೆದದ್ದಕ್ಕೆ ತುಂಡು ಗೆರೆ ಎಂದು ಮೊದಲೇ ತೀರ್ಮಾನ ಮಾಡಿಕೊಳ್ಳಿ. ಎಲ್ಲ ತಂತ್ರಾಂಶದಲ್ಲೂ ಅಲ್ಲದಿದ್ದರೂ ಕ್ಯೂಜಿಐಎಸ್‌ನಲ್ಲಿ ಇದು ಬಲು ಸುಲಭ. ತುಂಡು ಗೆರೆ ಬಾರದ ಕಡೆ ಬಣ್ಣ ಬೇರೆ ಮಾಡಿ. ಯಾವ ಬಣ್ಣಕ್ಕೆ ಏನರ್ಥ ಎಂಬುದನ್ನು ನಕ್ಷೆಯ ಮೂಲೆಯಲ್ಲಿ ಬರೆದಿಡಿ, ಇಲ್ಲದಿದ್ದರೆ ಮುಂದಿನವರಿಗೆ ಅದು ಬರಿಯ ಅಂದವಾಗಿ ಉಳಿಯುತ್ತದೆ. ಓಪನ್‌ಸ್ಟ್ರೀಟ್‌ಮ್ಯಾಪ್‌ನಲ್ಲಂತೂ ಬದಲಾವಣೆ ಸೇರಿಸುವ ಮುನ್ನ, ಏನು ಮಾಡಿದಿರಿ, ಯಾವ ಆಧಾರದ ಮೇಲೆ ಮಾಡಿದಿರಿ ಎಂದು ಬರೆಯಲು ಜಾಗ ಇಟ್ಟಿದ್ದಾರೆ. ಅಲ್ಲಿ 'ಬದಲಾವಣೆ' ಎಂದಷ್ಟೇ ಬರೆದು ಮುಂದೆ ಹೋಗುವವರಿದ್ದಾರೆ. 'ಊರಿನವರ ಜೊತೆ ನಡೆದು ನೋಡಿದ್ದು. ಸೇತುವೆ ಮಳೆಗಾಲದಲ್ಲಿ ಮುಳುಗುತ್ತದೆ' ಎಂದು ಬರೆದರೆ ಮುಂದೆ ಆ ಗೆರೆಯನ್ನು ತಿದ್ದಲು ಬರುವವರಿಗೆ ಅದು ಉಪಯೋಗಕ್ಕೆ ಬರುತ್ತದೆ.

ಉಪಗ್ರಹದ ಚಿತ್ರವನ್ನೂ ಪೂರ್ತಿ ನಂಬಬೇಡಿ. ಒಂದೇ ದೇವಸ್ಥಾನದ ಗೋಪುರವನ್ನು ಬೇರೆ ಬೇರೆ ವರ್ಷದ ಚಿತ್ರಗಳಲ್ಲಿ ನೋಡಿದರೆ ಅದು ಕೆಲವು ಮೀಟರ್ ಅತ್ತಿತ್ತ ಸರಿದಂತೆ ಕಾಣುತ್ತದೆ. ಸರಿದದ್ದು ದೇವಸ್ಥಾನವಲ್ಲ, ಚಿತ್ರವನ್ನು ನೆಲಕ್ಕೆ ಹೊಂದಿಸಿ ಕೂರಿಸಿದ ರೀತಿ. ಬೆಟ್ಟದ ಇಳಿಜಾರಿನಲ್ಲಿ ಈ ವ್ಯತ್ಯಾಸ ಇನ್ನೂ ಹೆಚ್ಚು. ಫೋನಿನ ಜಿಪಿಎಸ್ ಕೂಡ ಬಯಲಿನಲ್ಲಿ ಮೂರರಿಂದ ಐದು ಮೀಟರಿನಷ್ಟು ತಪ್ಪಬಹುದು, ತೋಟದ ಮರಗಳ ಕೆಳಗೆ ಅದಕ್ಕಿಂತ ಹೆಚ್ಚು. ಐದು ಮೀಟರ್ ಎಂದರೆ ಸಣ್ಣದೆನಿಸಬಹುದು. ಆದರೆ ನಮ್ಮ ಒಂದು ಗುಂಟೆ ಎಂದರೆ 33 ಅಡಿಗೆ 33 ಅಡಿ, ಅಂದರೆ ಒಂದು ಬದಿ ಹತ್ತು ಮೀಟರ್. ಐದು ಮೀಟರಿನ ತಪ್ಪು ಗುಂಟೆಯ ಅರ್ಧ ಬದಿಯನ್ನು ನುಂಗುತ್ತದೆ. ಕರ್ನಾಟಕ ಸರ್ಕಾರದ ದಿಶಾಂಕ್ ಎಂಬ ಆಪ್ ನಿಂತ ಜಾಗದ ಸರ್ವೆ ನಂಬರು ಹೇಳುತ್ತದೆ, ಗ್ರಾಮನಕ್ಷೆಯ ಗೆರೆಗಳನ್ನು ಉಪಗ್ರಹ ಚಿತ್ರದ ಮೇಲೆ ತೋರಿಸುತ್ತದೆ. ಬಹಳ ಉಪಕಾರದ ಸಾಧನ. ಆದರೆ ಆ ಪರದೆ ಹಿಡಿದುಕೊಂಡು ಬದುವಿನ ಮೇಲೆ ನಿಂತು ಅಣ್ಣತಮ್ಮಂದಿರು ಜಗಳಕ್ಕಿಳಿಯುವುದು ಬೇಡ. ಬದುವಿನ ಜಾಗ ತೀರ್ಮಾನ ಮಾಡುವುದು ಮೂಲ ಟಿಪ್ಪಣಿ ಹಿಡಿದು ಮೋಜಣಿದಾರರು ಮಾಡುವ ಹದ್ದುಬಸ್ತು. ಪರದೆಯ ಗೆರೆ ಸುಳಿವು ಕೊಡಬಲ್ಲದು, ತೀರ್ಪು ಕೊಡಲಾರದು.

ವಿಸ್ತೀರ್ಣದ ವಿಷಯದಲ್ಲಿ ಇನ್ನೊಂದು ಎಚ್ಚರ ಬೇಕು. ವೆಬ್ ನಕ್ಷೆಗಳೆಲ್ಲ ಸಾಮಾನ್ಯವಾಗಿ ಮರ್ಕೇಟರ್ ಎಂಬ ಕ್ರಮದಲ್ಲಿ ಗುಂಡು ಭೂಮಿಯನ್ನು ಚಪ್ಪಟೆ ಮಾಡುತ್ತವೆ. ಆ ಕ್ರಮದಲ್ಲಿ ಭೂಮಧ್ಯರೇಖೆಯಿಂದ ದೂರ ಹೋದಷ್ಟೂ ನೆಲ ಹಿಗ್ಗುತ್ತದೆ. ಕ್ಯೂಜಿಐಎಸ್‌ನಲ್ಲಿ ಅಳೆಯುವಾಗ ಭೂಮಿಯ ಗುಂಡನ್ನು ಲೆಕ್ಕಕ್ಕೆ ಹಿಡಿಯುವ ಆಯ್ಕೆ ಬಿಟ್ಟು ಕಾರ್ಟೀಸಿಯನ್ ಎಂಬ ಆಯ್ಕೆ ಒತ್ತಿದರೆ, ಈ ಹಿಗ್ಗಿದ ನಕ್ಷೆಯ ಮೇಲೆಯೇ ಅಳತೆಯಾಗುತ್ತದೆ. ಆಗ ಬೆಂಗಳೂರಿನ ಒಂದು ಎಕರೆ 40 ಗುಂಟೆಯ ಬದಲು ಸುಮಾರು 42 ಗುಂಟೆ ಎಂದು ಬರುತ್ತದೆ. ಬೀದರಿನಲ್ಲಿ ಅದೇ ಎಕರೆ 44 ಗುಂಟೆ. ಎಳೆದ ಗೆರೆಯಲ್ಲಿ ತಪ್ಪೇ ಇಲ್ಲ, ಆದರೂ ಅಂಕಿ ತಪ್ಪು. ವಿಸ್ತೀರ್ಣ ಬರೆದಿಡುವಾಗ ಯಾವ ಕ್ರಮದಲ್ಲಿ ಅಳೆದದ್ದೆಂದು ಪಕ್ಕದಲ್ಲೇ ಬರೆಯಿರಿ.

ವಿವರದ ಮನೆಯಲ್ಲಿ ಬರೆದ ಎರಡು ಸಾಲಿಗೆ ಎಷ್ಟು ಆಯುಸ್ಸು ಎಂಬುದಕ್ಕೆ ನನಗೆ ತುಂಬ ಹಿಡಿಸಿದ ಉದಾಹರಣೆ ನಮ್ಮ ಶಾಸನಗಳದು. ಬಿ. ಎಲ್. ರೈಸ್ ಅವರು ಎಪಿಗ್ರಾಫಿಯ ಕರ್ನಾಟಿಕ ಸಂಪುಟಗಳನ್ನು ಹೊರತಂದಾಗ ಪ್ರತಿ ಶಾಸನದ ತಲೆಯ ಮೇಲೆ ಅದು ಎಲ್ಲಿದೆ ಎಂದು ಬರೆಸಿದರು. ಇಂಥ ಊರಿನಲ್ಲಿ, ಇಂಥವರ ಹೊಲದಲ್ಲಿ, ಕೆರೆಯ ಏರಿಯ ಮೇಲೆ, ಇಂಥ ಗುಡಿಯ ಮುಂದೆ ಎಂದು. ಬೆಂಗಳೂರು ಜಿಲ್ಲೆಯ ಸಂಪುಟ ಅಚ್ಚಾದದ್ದು 1905ರಲ್ಲಿ. ನೂರು ವರ್ಷ ಕಳೆದ ಮೇಲೆ ಬೆಂಗಳೂರಿನ ಇತಿಹಾಸಾಸಕ್ತರು ಆ ಕಲ್ಲುಗಳನ್ನು ಹುಡುಕಲು ಹೊರಟಾಗ ಕೈಯಲ್ಲಿದ್ದದ್ದು ಆ ಒಂದು ಸಾಲು ಮಾತ್ರ. ಹೊಲ ಬಡಾವಣೆಯಾಗಿತ್ತು, ಹೊಲದ ಯಜಮಾನರು ತೀರಿಹೋಗಿದ್ದರು. ಆದರೂ ಏರಿ, ಗುಡಿ ಎಂಬ ಮಾತು ಹಿಡಿದು ಕೆಲವು ಕಲ್ಲುಗಳು ಸಿಕ್ಕವು, ಎಷ್ಟೋ ಸಿಗಲಿಲ್ಲ. ಈಗ ಬೆಂಗಳೂರಿನ ಮಿಥಿಕ್ ಸೊಸೈಟಿ ಶಾಸನಗಳನ್ನು ಮೂರು ಆಯಾಮದಲ್ಲಿ ಸ್ಕ್ಯಾನ್ ಮಾಡಿ, ಜಾಗವನ್ನು ಡಿಜಿಟಲ್ ನಕ್ಷೆಯಲ್ಲಿ ಗುರುತಿಸುತ್ತಿದೆ. ಅಕ್ಷಾಂಶ ರೇಖಾಂಶ ಇದ್ದಿದ್ದರೆ ರೈಸ್ ಅವರ ಎಲ್ಲ ಕಲ್ಲುಗಳ ಜಾಗವೂ ಇವತ್ತು ಖಚಿತವಾಗಿ ತಿಳಿಯುತ್ತಿತ್ತು. ಆದರೆ ಬರಿಯ ಅಂಕಿ ಇದ್ದು ಮಾತು ಇಲ್ಲದಿದ್ದರೆ, ಕಲ್ಲನ್ನು ಪಕ್ಕದ ಗುಡಿಗೆ ಸಾಗಿಸಿದಾಗ ಆ ಅಂಕಿ ಖಾಲಿ ಜಾಗವನ್ನು ತೋರಿಸುತ್ತ ನಿಲ್ಲುತ್ತದೆ. ಎರಡೂ ಬೇಕು.

ಇನ್ನೊಂದು ಉದಾಹರಣೆ ಚಾಮರಾಜನಗರ ಜಿಲ್ಲೆಯ ಬಿಳಿಗಿರಿರಂಗನ ಬೆಟ್ಟದ್ದು. 1974ರಲ್ಲಿ ಅಲ್ಲಿ ವನ್ಯಧಾಮ ಬಂದ ಮೇಲೆ ಕಾಡಿನೊಳಗೆ ಬಾಳಿದ್ದ ಸೋಲಿಗರನ್ನು ಪೋಡು ಎಂಬ ಹಾಡಿಗಳಲ್ಲಿ ನೆಲೆ ನಿಲ್ಲಿಸಲಾಯಿತು. ಸರ್ಕಾರದ ನಕ್ಷೆಯಲ್ಲಿ ಅದು ಅರಣ್ಯ, ಒಂದೇ ಹಸಿರು ಬಣ್ಣ. ಸೋಲಿಗರಿಗೆ ಆ ಕಾಡು ಕುಲಕುಲಗಳ ಎಲ್ಲೆಗಳಾಗಿ ಹಂಚಿಕೊಂಡದ್ದು. ಪ್ರತಿ ಎಲ್ಲೆಯಲ್ಲೂ ದೇವರು, ಮಾರಮ್ಮ, ವೀರು, ಕಲ್ಲುಗುಡಿ, ಅಬ್ಬಿ ಎಂದು ಐದು ಬಗೆಯ ಪವಿತ್ರ ತಾಣಗಳು. ಎಟ್ರೀ ಸಂಸ್ಥೆಯ ಸಂಶೋಧಕರ ಜೊತೆಗೂಡಿ ಸೋಲಿಗ ಹಿರಿಯರು ಜಿಪಿಎಸ್ ಹಿಡಿದವರನ್ನು ಕರೆದುಕೊಂಡು ಕಾಡಿನಲ್ಲಿ ನಡೆದರು. ಒಂದೊಂದು ತಾಣಕ್ಕೂ ಒಂದು ಚುಕ್ಕಿ, ಪಕ್ಕದಲ್ಲಿ ಅವರದೇ ಬಾಯಿಂದ ಬಂದ ಹೆಸರು, ಅದು ಐದರಲ್ಲಿ ಯಾವ ಬಗೆ, ಯಾವ ಕುಲದ್ದು ಎಂಬ ವಿವರ. ಆ ನಕ್ಷೆ ತಯಾರಾದಾಗ ಒಂದೇ ಹಸಿರಾಗಿದ್ದ ಕಾಡಿನ ತುಂಬ ಹೆಸರುಗಳು ಎದ್ದು ನಿಂತವು. 2006ರ ಅರಣ್ಯ ಹಕ್ಕು ಕಾಯ್ದೆಯ ಅಡಿಯಲ್ಲಿ 2011ರಲ್ಲಿ ಸೋಲಿಗರ ಸಮುದಾಯ ಹಕ್ಕುಗಳಿಗೆ ಮಾನ್ಯತೆ ಸಿಕ್ಕಿತು. ಅದೇ ವರ್ಷ ಆ ಕಾಡು ಹುಲಿ ರಕ್ಷಿತ ಪ್ರದೇಶವೂ ಆಗಿತ್ತು. ಹಕ್ಕು ಸಿಕ್ಕಿದ್ದು ದೀರ್ಘ ಹೋರಾಟದಿಂದ, ನಕ್ಷೆಯೊಂದರಿಂದಲೇ ಅಲ್ಲ. ಆದರೆ 'ಇಲ್ಲಿ ನಾವು ಇದ್ದೆವು' ಎಂಬ ಮಾತಿಗೆ ಜಾಗ ತೋರಿಸಿ, ಹೆಸರು ಹೇಳಿ, ಕಾಗದದ ಮೇಲೆ ಇಡುವುದಕ್ಕೆ ಈ ಸಾಧನಗಳು ನೆರವಾದವು. ನಕ್ಷೆಯ ಮೇಲೆ ಬರೆಯುವ ಅಧಿಕಾರ ಊರಿನವರ ಕೈಗೆ, ಹಾಡಿಯವರ ಕೈಗೆ ಬರಬೇಕು ಎಂದು ನಾನು ಬಲವಾಗಿ ನಂಬುವುದು ಇದನ್ನೆಲ್ಲ ನೋಡಿಯೇ.

ಹಾಗೆಂದು ಕಂಡದ್ದನ್ನೆಲ್ಲ ಲೋಕಕ್ಕೆ ತೋರಿಸುವ ನಕ್ಷೆಯಲ್ಲಿ ಬರೆಯಬಾರದು. ಹೆಜ್ಜೇನು ಕಟ್ಟುವ ಮರ, ಅಪರೂಪದ ಔಷಧಿ ಗಿಡ, ಹದ್ದಿನ ಗೂಡು, ಕಾಡಿನ ನಡುವಿನ ಪಾಳು ಗುಡಿ, ಇವುಗಳ ಚುಕ್ಕಿಯನ್ನು ಕಳ್ಳರೂ ನೋಡುತ್ತಾರೆ. ನಿಧಿಯಾಸೆಗೆ ಗರ್ಭಗುಡಿಯ ನೆಲ ಅಗೆದ ಸುದ್ದಿ ನಮ್ಮ ನಾಡಿನಲ್ಲಿ ಎಷ್ಟು ಸಲ ಕೇಳಿಲ್ಲ? ಅಂಥದ್ದನ್ನು ಊರಿನವರ ಕಡತದಲ್ಲಿ ಮಾತ್ರ ಇಡಿ. ಯಾವುದನ್ನು ಬಹಿರಂಗ ಮಾಡಬಹುದು ಎಂಬ ತೀರ್ಮಾನ ಆ ಜಾಗದ ಜನರದಾಗಿರಲಿ, ಕಂಪ್ಯೂಟರಿನ ಮುಂದೆ ಕೂತ ಹುಡುಗನದಲ್ಲ.

ಕೊನೆಯದಾಗಿ ಕೈಗೆ ಬೇಕಾದ ಕೆಲವು ಮಾತು. ಫೋನಿನ ಪರದೆಯ ಚಿತ್ರ ತೆಗೆದು, ಅದರ ಮೇಲೆ ಬೆರಳಿನಿಂದ ಕೆಂಪು ಸುತ್ತು ಹಾಕಿ ವಾಟ್ಸಾಪಿನಲ್ಲಿ ಕಳಿಸುವ ಅಭ್ಯಾಸ ಎಲ್ಲ ಕಡೆ ಇದೆ. ನೋಡಿದವರಿಗೆ ಆ ಕ್ಷಣಕ್ಕೆ ಅರ್ಥವಾಗುತ್ತದೆ, ನಿಜ. ಆದರೆ ಆ ಸುತ್ತಿಗೆ ಭೂಮಿಯ ಮೇಲೆ ಜಾಗವಿಲ್ಲ, ಅದು ಬರಿಯ ಚಿತ್ರ. ಅದೇ ಸುತ್ತನ್ನು ತಂತ್ರಾಂಶದಲ್ಲಿ ಹಾಕಿ ಕೆಎಂಎಲ್ ಕಡತವಾಗಿ ಕಳಿಸಿದರೆ ಪಡೆದವರು ಅಳೆಯಬಹುದು, ತಿದ್ದಬಹುದು, ಇನ್ನೊಂದು ನಕ್ಷೆಯ ಮೇಲೆ ಇಟ್ಟು ನೋಡಬಹುದು. ಗೂಗಲ್ ಅರ್ಥ್‌ನಲ್ಲಿ ತಾತ್ಕಾಲಿಕ ಸ್ಥಳಗಳಲ್ಲಿ ಉಳಿದದ್ದನ್ನು, ಕ್ಯೂಜಿಐಎಸ್‌ನಲ್ಲಿ ತಾತ್ಕಾಲಿಕ ಪದರದಲ್ಲಿ ಎಳೆದದ್ದನ್ನು ಉಳಿಸದೆ ಮುಚ್ಚಿದರೆ ದಿನವಿಡೀ ಮಾಡಿದ ಕೆಲಸ ಮಾಯವಾಗುತ್ತದೆ. ಕೈಯಿಂದ ಅಂಕಿ ಸೇರಿಸುವವರು ಅಕ್ಷಾಂಶ ಮೊದಲೋ ರೇಖಾಂಶ ಮೊದಲೋ ನೋಡಿಕೊಳ್ಳಿ. ಕೆಎಂಎಲ್ ಕಡತದಲ್ಲಿ ರೇಖಾಂಶ ಮೊದಲು. ಅದಲು ಬದಲಾದರೆ ಬೆಂಗಳೂರು ಉತ್ತರಧ್ರುವದ ಕಡೆಯ ಸ್ವಾಲ್‌ಬಾರ್ಡ್ ದ್ವೀಪಗಳ ಬಳಿ ಕಡಲಿನಲ್ಲಿ ಬೀಳುತ್ತದೆ. ಹೆಸರುಗಳನ್ನು ಕನ್ನಡ ಲಿಪಿಯಲ್ಲೇ ಬರೆಯಿರಿ. ಓಪನ್‌ಸ್ಟ್ರೀಟ್‌ಮ್ಯಾಪ್‌ನಲ್ಲಿ ಕನ್ನಡದ ಹೆಸರಿಗೆಂದೇ ಪ್ರತ್ಯೇಕ ಮನೆಯಿದೆ. ಇಂಗ್ಲಿಷಿನಲ್ಲಿ ಮಾತ್ರ ಬರೆದರೆ ಲಕಾರ ಳಕಾರ ಒಂದಾಗಿ, ಓದುವವರು ಊರಿನ ಹೆಸರನ್ನೇ ಬದಲಿಸಿಬಿಡುತ್ತಾರೆ.

ಹಳೆಯ ಗ್ರಾಮನಕ್ಷೆಯನ್ನು ಈಗಿನ ಚಿತ್ರದ ಮೇಲೆ ಹೊದಿಸಿ ನೋಡುವ ಆಸೆಯಿರುವವರು ಎರಡರಲ್ಲೂ ಇರುವ, ಕದಲದ ಗುರುತುಗಳನ್ನೇ ಆರಿಸಿ ಹೊಂದಿಸಿ. ಏರಿಯ ಎರಡು ತುದಿ, ಹಳೆಯ ಗುಡಿ, ಮೂರು ಹಳ್ಳಿಗಳ ಗಡಿ ಕೂಡುವ ಕಲ್ಲು ಇಂಥವು. ಒಂದೇ ಮೂಲೆಯಲ್ಲಿ ಗುರುತು ಹಾಕಿದರೆ ಎದುರು ಮೂಲೆ ತಿರುಚಿಕೊಳ್ಳುತ್ತದೆ, ಆದ್ದರಿಂದ ನಾಲ್ಕು ದಿಕ್ಕಿಗೂ ಹರಡಿ ಹಾಕಿ. ಹೊದಿಸಿದ ಮೇಲೆ ಮೇಲಿನ ನಕ್ಷೆಯನ್ನು ಸ್ವಲ್ಪ ಸ್ವಲ್ಪವೇ ತೆಳುವಾಗಿಸುವ ಗುಂಡಿಯನ್ನು ಸರಿಸಿದರೆ ಮುಚ್ಚಿಹೋದ ಕಾಲುವೆ ಯಾವ ಮನೆಗಳ ಕೆಳಗೆ ಹಾದುಹೋಗಿದೆ ಎಂಬುದು ಕಾಣುತ್ತದೆ. ಬೆಂಗಳೂರಿನ ಧರ್ಮಾಂಬುಧಿ ಕೆರೆಯ ಜಾಗದಲ್ಲಿ ಕೆಂಪೇಗೌಡ ಬಸ್ ನಿಲ್ದಾಣವನ್ನೂ, ಸಂಪಂಗಿ ಕೆರೆಯ ಜಾಗದಲ್ಲಿ ಕಂಠೀರವ ಕ್ರೀಡಾಂಗಣವನ್ನೂ ಹೀಗೆ ಒಂದರ ಮೇಲೊಂದು ಇಟ್ಟು ಮಕ್ಕಳಿಗೆ ತೋರಿಸಬಹುದು. ಪ್ರೌಢಶಾಲೆಯ ಭೂಗೋಳದ ಮೇಷ್ಟ್ರುಗಳು ಈ ಪಾಠಕ್ಕೆ ಒಂದು ವಾರ ಕೊಡಬೇಕೆಂದು ಕೇಳಿಕೊಳ್ಳುತ್ತೇನೆ. ತಮ್ಮೂರಿನ ಒಂದೇ ಒಂದು ಕೆರೆಯನ್ನು ತೆಗೆದುಕೊಂಡರೆ ಸಾಕು. ಮಕ್ಕಳು ಶನಿವಾರ ಏರಿಯ ಮೇಲೆ ನಡೆದು ಬರಲಿ, ತೂಬಿನ ಹತ್ತಿರ ನಿಂತು ಅಜ್ಜಂದಿರನ್ನು ಕೇಳಲಿ, ಸೋಮವಾರ ಕಂಪ್ಯೂಟರಿನ ಮುಂದೆ ಕೂತು ಗೆರೆ ಎಳೆಯಲಿ. ಗೆರೆ ಎಷ್ಟು ನಯವಾಗಿದೆ ಎಂಬುದಕ್ಕೆ ಅಂಕ ಕೊಡುವುದು ಬೇಡ. ವಿವರದ ಮನೆಯಲ್ಲಿ ಏನು ಬರೆದಿದ್ದಾರೆ ಎಂಬುದನ್ನು ಓದಿ ಅಂಕ ಕೊಡಿ. ಆ ಕಡತದ ಒಂದು ಪ್ರತಿಯನ್ನು ಗ್ರಾಮ ಪಂಚಾಯಿತಿಗೆ ಕೊಟ್ಟು, ಇನ್ನೊಂದನ್ನು ಶಾಲೆಯಲ್ಲಿ ಇಟ್ಟುಕೊಂಡು, ಮುಂದಿನ ವರ್ಷ ಕೋಡಿ ಬಿದ್ದಾಗ ಅದೇ ಮಕ್ಕಳಿಂದ ಅಂಚನ್ನು ಮತ್ತೆ ಗುರುತು ಹಾಕಿಸಿ.